ಹೊಳೆಯುವ ಅಂಚು

ನದಿಯ ದಂಡೆಗೊಂದು ಆಶ್ರಮ. ಅಲ್ಲಿ ದೇವರ ಮೂರ್ತಿಗಿಂತ ಮೀನಿನ ತೊಟ್ಟಿಗಳೇ ಹೆಚ್ಚು.

ಗುರುಗಳ ಹೆಸರು ಹಾಲಯ್ಯ. ಸುತ್ತಲಿನ ಜನ ಅಜ್ಜಾರು ಅನ್ನುತ್ತಿದ್ದರು. ನೀರು ಸೋಸುವ ಡಬ್ಬಿ, ಮರಿ ಸಾಕುವ ಪೆಟ್ಟಿಗೆ, ಯಾವುದನ್ನೂ ಅವರು ಪೇಟೆಯಿಂದ ಕೊಂಡವರಲ್ಲ. ಅಕ್ರಿಲಿಕ್ ಹಾಳೆ ತರಿಸಿ, ತಾವೇ ಕೊಯ್ದು, ತಾವೇ ಕೂಡಿಸುತ್ತಿದ್ದರು.

ಅವರ ಬಳಿ ಯಮನೂರಿ ಎಂಬ ಶಿಷ್ಯನಿದ್ದ. ಬರುವ ಮೊದಲು ತಾಲೂಕು ಪೇಟೆಯ ಬೋರ್ಡ್ ಅಂಗಡಿಯಲ್ಲಿ ಅದೇ ಹಾಳೆಯಿಂದ ಅಕ್ಷರ ಕೊಯ್ಯುತ್ತಿದ್ದವನು.

"ಅಜ್ಜಾರ, ಹಲ್ಲಿನ ಡಾಕ್ಟರ ಬೋರ್ಡ್ ನೋಡೀರೇನು? ನನ್ನ ಕೈಲೆ ಮಾಡಿದ್ದು. ಅದರ ಮುಂದ ನಿಂತು ಮಂದಿ ತಲಿ ಬಾಚ್ಕೊಂತಾರ, ಹಂಗ ಹೊಳೀತೈತಿ."

"ಹಲ್ಲು ತೋರಸಾಕ ಬಂದವರು ತಲಿ ಬಾಚ್ಕೊಂಡು ಹೋಗ್ತಾರೇನು?" ಅಂದರು ಗುರುಗಳು.

ಯಮನೂರಿ ನಗಲಿಲ್ಲ. ತನ್ನ ಕೆಲಸದ ಬಗ್ಗೆ ಅವನಿಗೆ ತಮಾಷೆ ಹಿಡಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಂಬವ್ವ ಬಂದಳು. ನದಿಯ ಮೇಲ್ಗಡೆ ಊರಿನವಳು, ದೋಣಿಯವರ ಮನೆಯ ಹೆಂಗಸು. ಹಿಂದೊಮ್ಮೆ ಅವರ ಮಡುವಿನ ನೀರು ಕೆಟ್ಟು ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದ್ದವು. ಉಸಿರಿದ್ದ ನಾಲ್ಕೈದನ್ನು ಕೊಡದಲ್ಲಿ ಹಾಕಿಕೊಂಡು ಗುರುಗಳ ತೊಟ್ಟಿಗೆ ತಂದುಬಿಟ್ಟವಳು ಅವಳೇ. ಕೆಂಪು ರೆಕ್ಕೆಯ ಸಸಲು ಮೀನು. ಆ ಮಡುವಿನ ಕುಲದಲ್ಲಿ ಉಳಿದದ್ದು ಅಷ್ಟೇ.

"ಮಡುವಿನ ನೀರು ತಿಳಿ ಆಗೈತ್ರಿ ಅಜ್ಜಾರ. ಮಗನ ಮದುವಿ ಹಿಡದೀವಿ. ಹೊಸ ಸೊಸಿ ಮನಿ ಹೊಸ್ತಿಲ ದಾಟೂಕಿಂತ ಮದಲ ಮಡುವಿನ ಮೀನಿಗೆ ಮಂಡಕ್ಕಿ ಹಾಕಬೇಕು, ಅದು ನಮ್ಮ ಪದ್ಧತಿ. ನಾನೂ ಹಾಕೀನಿ, ನಮ್ಮತ್ತಿನೂ ಹಾಕ್ಯಾಳ. ಈಗ ಮಡುವಿನ್ಯಾಗ ಒಂದೂ ಮೀನಿಲ್ಲ, ಇವುಗಳ ಮರಿ ಕೊಟ್ರ ಒಯ್ದು ಬಿಡ್ತೀನಿ."

ಗುರುಗಳು ತೊಟ್ಟಿಗೆ ಬಗ್ಗಿ ನೋಡಿದರು. ಹೆಣ್ಣು ಮೀನುಗಳ ಹೊಟ್ಟೆ ದುಂಡಗಾಗಿತ್ತು.

"ತತ್ತಿ ಇಡ್ತಾವು. ಆದ್ರ ಇಟ್ಟ ಮ್ಯಾಲೆ ತಾವ ತಿಂತಾವು. ಬ್ಯಾರೆ ಬೋಗಾಣ್ಯಾಗ ಇಟ್ರ ನೀರು ಹಳಸಿ ಮರಿ ಸಾಯ್ತಾವು. ಇದ ತೊಟ್ಟ್ಯಾಗ ಒಂದು ಪೆಟಿಗಿ ತೂಗ ಬಿಡಬೇಕು. ನೀರು ಒಳಗ ಹೊರಗ ಆಡಬೇಕು, ದೊಡ್ಡ ಮೀನು ಒಳಗ ಹೋಗಬಾರದು."

"ಅದನ್ನ ನನಗ ಬಿಡ್ರಿ," ಅಂದ ಯಮನೂರಿ. ಅಂಬವ್ವನ ಕಡೆ ತಿರುಗಿದ. "ಅವ್ವಾ, ಕೊಡ ತೊಳದು ಇಟ್ಕೋ. ನಿನ್ನ ಮರಿ ನನ್ನ ಜವಾಬ್ದಾರಿ."

"ಬಾಯಿ ಭಾಳ ದೊಡ್ಡದೈತಿ ನಿಂದು."

"ಕೈ ಅದಕ್ಕಿಂತ ದೊಡ್ಡದೈತಿ."

ಅಂಬವ್ವ ನಕ್ಕು ಹೋದಳು. ಅವಳು ನಂಬಿದಳು.

ಗುರುಗಳು ಹಾಳೆಯ ತುಂಡೆರಡನ್ನು ಕೂಡಿಸಿ ತೋರಿಸಿದರು. ಚೂರಿಯ ಬೆನ್ನಿನಿಂದ ಅಂಚನ್ನು ಕೆರೆದು ಸಪಾಟು ಮಾಡಿದರು. ಅಂಚು ಮಂಜು ಬಿದ್ದ ಗಾಜಿನಂತೆ ಮಂಕಾಯಿತು. ಎರಡನ್ನೂ ಒಂದಕ್ಕೊಂದು ತಾಗಿಸಿಟ್ಟು, ಸಿರಿಂಜಿನ ಸೂಜಿಯಿಂದ ನೀರಿನಂಥ ದ್ರವವನ್ನು ಸಂದಿಗೆ ಮುಟ್ಟಿಸಿದರು. ದ್ರವ ತಾನೇ ಓಡಿ ಸಂದಿಯ ಉದ್ದಕ್ಕೂ ಹರಡಿತು.

"ಇದು ಅಂಟಲ್ಲ, ಯಮನೂರಿ. ಅಂಟು ನಡುವ ಕುಂತು ಎರಡನ್ನೂ ಹಿಡೀತೈತಿ. ಇದು ಎರಡೂ ಅಂಚನ್ನ ಕರಗಿಸಿ ತಾನು ಹಾರಿ ಹೋಗ್ತೈತಿ. ಕೆರೆದು ಬಿಡು. ಕೂಡಿಸೂ ಮದಲ ಅಂಚಿಗೆ ಮತ್ತೇನೂ ಮಾಡಬ್ಯಾಡ."

"ಇಷ್ಟು ಮಂಕ ಇರಬೇಕೇನ್ರಿ?"

"ಇಷ್ಟ ಇರಬೇಕು."

ಗುರುಗಳು ಮೀನಿಗೆ ಹುಳ ತರಲು ನದಿಗೆ ಹೋದರು. ಯಮನೂರಿ ಕೆಲಸಕ್ಕೆ ಕೂತ.

ಕೊಯ್ಯುವುದರಲ್ಲಿ ಅವನನ್ನು ಮೀರಿಸುವ ಗಂಡು ಆ ತಾಲೂಕಿನಲ್ಲಿರಲಿಲ್ಲ, ಅದನ್ನು ಒಪ್ಪಲೇಬೇಕು. ಉಕ್ಕಿನ ಪಟ್ಟಿ ಇಟ್ಟು, ಒತ್ತದೆ, ಅದೇ ಗೀರಿನ ಮೇಲೆ ಮತ್ತೆ ಮತ್ತೆ ಚೂರಿ ಎಳೆದ. ಗೀರನ್ನು ಮೇಜಿನ ಅಂಚಿಗೆ ತಂದು ಒಮ್ಮೆ ಅದುಮಿದ. ಟಪ್ಪನೆ ನೆಟ್ಟಗೆ ಮುರಿಯಿತು. ಅವಸರಗೇಡಿಗಳು ಇಲ್ಲೇ ಹಾಳೆ ಸೀಳಿಕೊಳ್ಳುವುದು. ಅವನು ಒಂದನ್ನೂ ಸೀಳಲಿಲ್ಲ.

ಅಂಚುಗಳನ್ನು ಕೆರೆದ. ಎಲ್ಲವನ್ನೂ ಕೆರೆದ. ಸಾಲಾಗಿ ಇಟ್ಟು ನೋಡಿದ.

ಮಂಕು. ಬೋರ್ಡ್ ಅಂಗಡಿಯಲ್ಲಾಗಿದ್ದರೆ ಇಂಥ ಅಂಚನ್ನು ಹೊರಗೆ ಕಳಿಸುತ್ತಿರಲಿಲ್ಲ. ಅಲ್ಲಿ ಕೊನೆಯ ಕೆಲಸ ಬೆಂಕಿಯದು. ಗ್ಯಾಸಿನ ನೀಲಿ ಉರಿಯನ್ನು ಅಂಚಿನ ಮೇಲೆ ಸುಯ್ಯನೆ ಒಮ್ಮೆ ಓಡಿಸಿದರೆ ಸಾಕು, ಪ್ಲಾಸ್ಟಿಕ್ಕು ಗಾಜಾಗುತ್ತದೆ. ಅಕ್ಷರಕ್ಕೆ ಅದು ಸರಿ. ಅಕ್ಷರವನ್ನು ಯಾರೂ ಅಂಚಿಗೆ ದ್ರವ ಹಾಕಿ ಕೂಡಿಸುವುದಿಲ್ಲ.

ಅವನು ಉರಿ ಹಚ್ಚಿದ. ಪ್ರತಿ ಅಂಚಿನ ಮೇಲೂ ಓಡಿಸಿದ. ಆಮೇಲೆ ಕೂಡಿಸಿದ.

ಪೆಟ್ಟಿಗೆ ಒಣಗಿ ವಾಸನೆ ಹೋಗಲೆಂದು ಕಟ್ಟೆಯ ಮೇಲಿಟ್ಟಾಗ ಗುರುಗಳು ಬಂದರು. ಕೈಯಲ್ಲಿ ಹುಳದ ಬುಟ್ಟಿ. ಅಂಗಳದ ಆ ಬದಿಯಿಂದಲೇ ನೋಡಿದರು.

"ಚಲೋ ಹೊಳೀತೈತಲ್ಲೋ."

"ಕೈಗುಣರೀ."

"ಅಂಚು ಕೆರೆದೀಯಿಲ್ಲ?"

"ಕೆರೆದೀನ್ರಿ."

ಸುಳ್ಳೇನಲ್ಲ. ಕೆರೆದಿದ್ದ.

ಗುರುಗಳು ತಲೆಯಾಡಿಸಿ ಒಳಗೆ ಹೋದರು.

ಸಸಲು ಮೀನು ತೊಟ್ಟಿಯ ಹುಲ್ಲಿನಲ್ಲಿ ತತ್ತಿ ಇಟ್ಟವು. ಗುರುಗಳು ಹುಲ್ಲನ್ನು ಮೆಲ್ಲಗೆ ಎತ್ತಿ ಪೆಟ್ಟಿಗೆಯೊಳಗಿಟ್ಟರು. ತತ್ತಿ ಒಡೆದು ಮರಿ ಬಂದವು. ಮೊದಲು ರೆಪ್ಪೆಗೂದಲಿನಂತೆ ಗೋಡೆಗೆ ಅಂಟಿಕೊಂಡಿದ್ದವು, ಆಮೇಲೆ ಈಜಿದವು. ಹೊರಗೆ ಅವುಗಳ ತಾಯಿ ಮೀನುಗಳು ಪೆಟ್ಟಿಗೆಗೆ ಮೂಗು ತಾಗಿಸಿ ಸುತ್ತುತ್ತಿದ್ದವು.

"ಹೆಂಗ ಕಾಯಾಕತ್ತಾವು ನೋಡ್ರಿ," ಅಂದ ಯಮನೂರಿ.

"ಕಾಯಾಕತ್ತಿಲ್ಲ. ಹಸದಾವು."

ಒಂದು ಮುಂಜಾನೆ ಅಂಚಿನ ಬಳಿ ಯಮನೂರಿಗೆ ಸಣ್ಣ ಗೆರೆಗಳು ಕಂಡವು. ಜೇಡನ ಎಳೆಯಷ್ಟು ತೆಳು. ಬೆಂಕಿ ತಿಂದ ಅಂಚಿಗೆ ಆ ದ್ರವ ತಾಗಿದರೆ ಹಾಗೇ ಬಿರುಕು ಬಿಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಆದರೆ ಗೆರೆ ನಿನ್ನೆ ಇರಲಿಲ್ಲ, ಇಂದು ಇದೆ ಎಂಬುದು ಗೊತ್ತಿತ್ತು.

ಗುರುಗಳು ಕೂಗಳತೆಯಲ್ಲೇ ಇದ್ದರು.

ನೀರಿನ ನೆರಳಿರಬೇಕು ಅಂದುಕೊಂಡ. ಆ ಮಗ್ಗುಲನ್ನು ಗೋಡೆಯ ಕಡೆಗೆ ತಿರುಗಿಸಿದ.

ಅಂಬವ್ವ ಬರುವ ದಿನ ಬೆಳಿಗ್ಗೆ ಅವನು ತೊಟ್ಟಿಗೆ ಹೋದ. ಪೆಟ್ಟಿಗೆಯ ತಳದ ಒಂದು ಮೂಲೆ ಬಿಟ್ಟುಕೊಂಡು ಕೆಳಗೆ ಜೋತುಬಿದ್ದಿತ್ತು. ಒಳಗೆ ಹುಲ್ಲಿತ್ತು. ನೀರಿತ್ತು.

ಹೊರಗೆ ದೊಡ್ಡ ಮೀನುಗಳು ಹೊಟ್ಟೆ ತುಂಬಿ ಅಲ್ಲಾಡದೆ ನಿಂತಿದ್ದವು.

ಗುರುಗಳು ಪೆಟ್ಟಿಗೆಯನ್ನು ಎತ್ತಿ ಬಿಟ್ಟ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಅವರಿಗೆ ಎಲ್ಲ ತಿಳಿಯಿತು. ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ಕೈ ಒರೆಸಿಕೊಂಡರು. ಅದಕ್ಕೇ ಯಮನೂರಿಗೆ ರೇಗಿತು.

"ಅವತ್ತ ಹಿಂಗ ಒಂದು ಸರ್ತಿ ಬೆರಳು ಆಡಿಸಿದ್ರ ನಿಮಗ ಗೊತ್ತಾಗತಿತ್ತು. ಯಾಕ ಬಂದು ಮುಟ್ಟಿ ನೋಡಲಿಲ್ಲರೀ?"

"ನಿನ್ನ ಕೇಳಿದ್ನಲ್ಲ," ಅಂದರು ಗುರುಗಳು.

ಯಮನೂರಿ ಕಟ್ಟೆಯ ಮೇಲೆ ಕೂತ.

"ಅಜ್ಜಾರ, ನನಗ ಏನರ ಶಿಕ್ಷೆ ಕೊಡ್ರಿ."

"ಕೊಟ್ರ ನಿನಗ ಹಗೂರ ಆಗ್ತೈತಿ. ಅಂಬವ್ವಗ ಏನಾಗ್ತೈತಿ?"

ಅಂಬವ್ವ ಬಂದಳು. ಬೆಳಗಿದ ಕೊಡ ಥಳಥಳ ಅನ್ನುತ್ತಿತ್ತು. ಅದರ ಬಾಯಿಗೆ ಅರಿಶಿನದ ನೂಲು ಕಟ್ಟಿದ್ದಳು.

"ಎಲ್ಲಿ ನನ್ನ ಮಕ್ಕಳು?"

"ಪೆಟಿಗಿ ಒಡೀತವ್ವಾ," ಅಂದ ಯಮನೂರಿ. ಆಮೇಲೆ ಗುರುಗಳ ಕಡೆ ನೋಡಿದ. ಅವರು ನೀರು ನೋಡುತ್ತಿದ್ದರು. "ತಾನ ಒಡೀಲಿಲ್ಲ. ಅಂಚು ಹೊಳೀಲಿ ಅಂತ ಬೆಂಕಿ ಹಿಡದೆ. ಬಿರುಕು ಬಿಟ್ಟಿತ್ತು."

"ಬಿರುಕು ನಿನಗ ಕಂಡಿತ್ತೇನು?"

"ಕಂಡಿತ್ತು."

ಅಂಬವ್ವ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ತೊಟ್ಟಿಯೊಳಗೆ ಬಗ್ಗಿ ನೋಡಿ, ಮುಪ್ಪಾದ ಆ ನಾಲ್ಕೈದು ಮೀನುಗಳನ್ನು ಒಂದೊಂದಾಗಿ ಎಣಿಸಿದಳು.

"ಮತ್ತ ತತ್ತಿ ಇಡ್ತಾವೇನ್ರಿ ಅಜ್ಜಾರ?"

"ವಯಸ್ಸಾಗೈತಿ. ಗೊತ್ತಿಲ್ಲ, ತಾಯಿ."

ಯಮನೂರಿಗೆ ಸುಮ್ಮನೆ ನಿಲ್ಲಲಾಗಲಿಲ್ಲ. ಕೊಡವನ್ನು ಅವಳ ಕೈಯಿಂದ ತೆಗೆದುಕೊಂಡು, ತೊಟ್ಟಿಯ ತಿಳಿನೀರು ತುಂಬಿ ತಂದು ಅವಳ ಮುಂದಿಟ್ಟ. ಬರಿಗೊಡ ಹಿಡಿದು ಹೋಗುವುದು ಬೇಡ ಅಂತ.

ಅಂಬವ್ವ ಕೊಡದೊಳಗೆ ನೋಡಿದಳು.

"ನೀರು ನಮ್ಮ ಮಡುವಿನ್ಯಾಗೂ ಐತಿ, ತಮ್ಮಾ."

ಬಾಳೆಗಿಡದ ಬುಡಕ್ಕೆ ಕೊಡ ಬಗ್ಗಿಸಿದಳು. ಕಂಕುಳಿಗೆ ಏರಿಸಿಕೊಂಡಳು.

"ಮದುವಿಗೆ ಬರ್ತೀರೇನ್ರಿ ಅಜ್ಜಾರ? ಸೊಸಿ ಮಂಡಕ್ಕಿ ಹಾಕ್ತಾಳ. ತಿನ್ನಾಕ ಮೀನಿಲ್ಲ, ತೇಲ್ತಾವು. ನೋಡಿ ಬರೂಣು."

ಅವಳು ಹೋದ ಮೇಲೆ ಗುರುಗಳು ಒಳಗಿನಿಂದ ಹೊಸ ಹಾಳೆ ತಂದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಚೂರಿ ಇಟ್ಟರು.

"ಪೆಟಿಗಿ ಮಾಡು."

"ಯಾರಿಗೆ ಅಂತ ಮಾಡ್ಲಿ?"

"ಮತ್ತ ತತ್ತಿ ಇಟ್ರ ಇರಲಿ."

ಯಮನೂರಿ ಚೂರಿ ಮುಟ್ಟಲಿಲ್ಲ. "ಹಂಗಾರ ನೀವು ಇಲ್ಲೇ ಮಗ್ಗಲಕ್ಕ ಕುಂದರ್ರಿ. ಒಂದೊಂದು ಅಂಚೂ ಮುಟ್ಟಿ ನೋಡ್ರಿ. ನನ್ನ ಮ್ಯಾಲೆ ಬಿಡಬ್ಯಾಡ್ರಿ, ಕಾಲು ಬೀಳ್ತೀನಿ."

ಗುರುಗಳು ಆಗಲೇ ಹುಳದ ಬುಟ್ಟಿ ಎತ್ತಿಕೊಂಡು ನದಿಯ ಕಡೆ ಹೆಜ್ಜೆ ಹಾಕಿದ್ದರು.

"ಮುಗದ ಮ್ಯಾಲೆ ಹೆಂಗಾಗೈತಿ ಹೇಳು. ನೀ ಹೇಳಿದ್ದನ್ನ ನಾ ನಂಬ್ತೀನಿ."