ಕುಂಕುಮ ಹಚ್ಚಿದ ಡಿಸ್ಕ್

"ಗುರುಗಳೇ, ನೀವು ಬರೆದುಕೊಟ್ಟ ಮದ್ದಿನ ಪುಸ್ತಕವನ್ನು ಇನ್ನೊಬ್ಬನಿಗೆ ಕೊಡಬಹುದೇ?" ಎಂದು ಮಡಿವಾಳಯ್ಯ ಕೇಳಿದ.

ದನಗಳ ಕಾಯಿಲೆಗೆ ಕೊಡುವ ಮದ್ದುಗಳ ಪುಸ್ತಕ ಅದು. ಪಕ್ಕದ ಊರಿನವನೊಬ್ಬ ಬಂದು, ನಕಲು ಮಾಡಿಕೊಂಡು ಮೂರು ದಿನದಲ್ಲಿ ಹಿಂದಿರುಗಿಸುತ್ತೇನೆ ಎಂದಿದ್ದ. ಅವನ ಕೊಟ್ಟಿಗೆಯಲ್ಲಿ ಎರಡು ಹಸುಗಳು ಮೇವು ಬಿಟ್ಟಿದ್ದವು. ಮಡಿವಾಳಯ್ಯನಿಗೆ ಕೊಡಲು ಮನಸ್ಸಿರಲಿಲ್ಲ. ಗುರುಗಳು ಬೇಡ ಎಂದರೆ ಹಾಗೆಯೇ ಹೇಳಿ ಕೈತೊಳೆದುಕೊಳ್ಳಬಹುದಿತ್ತು.

"ಎಲ್ಲಿದೆ ಅದು?"

"ದೇವರ ಗೂಡಿನಲ್ಲಿ. ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಕಂಡವರ ಕೈ ತಾಗಬಾರದಲ್ಲ."

"ಕೂರು," ಎಂದು ಗುರುಗಳು ಈ ಕತೆ ಹೇಳಿದರು.

ಕಣ್ಣು ಕಾಣದ ಮಕ್ಕಳಿಗೆ ಪುಸ್ತಕ ಅಚ್ಚು ಮಾಡುವವನೊಬ್ಬನಿದ್ದ. ಬೆರಳಿಗೆ ಸಿಗುವಂತೆ ಕಾಗದದ ಮೇಲೆ ಚುಕ್ಕಿ ಒತ್ತುವ ಯಂತ್ರ ಅವನದು. ಯಂತ್ರ ಹಳೆಯದು. ಅದನ್ನು ನಡೆಸುವ ಕಂಪ್ಯೂಟರಿನಲ್ಲಿ ಹಳೆಯ ಆಪರೇಟಿಂಗ್ ಸಿಸ್ಟಮ್ ಇದ್ದರೆ ಮಾತ್ರ ಮಾತು ಕೇಳುತ್ತಿತ್ತು. ಆ ಸಿಸ್ಟಮ್ ಪೇಟೆಯಿಂದ ಮಾಯವಾಗಿ ಬಹಳ ಕಾಲವಾಗಿತ್ತು.

ಮುಂದೆ ಕಂಪ್ಯೂಟರು ಕೆಟ್ಟರೆ ಬೇಕಾಗುತ್ತದೆ ಎಂದು ಒಬ್ಬ ಮೆಕ್ಯಾನಿಕ್ ಅವನಿಗೆ ಆ ಸಿಸ್ಟಮಿನ ಡಿಸ್ಕ್ ಮಾಡಿಕೊಡಲು ಕುಳಿತ. ಫೈಲುಗಳನ್ನು ನಕಲು ಮಾಡಿದ ಮಾತ್ರಕ್ಕೆ ಅಂಥ ಡಿಸ್ಕ್ ಆಗುವುದಿಲ್ಲ. ಕೆಟ್ಟು ಕೂತ ಕಂಪ್ಯೂಟರು ಆ ಡಿಸ್ಕಿನಿಂದಲೇ ಎದ್ದು, ಸಿಸ್ಟಮನ್ನು ಮತ್ತೆ ತನ್ನೊಳಗೆ ಇಳಿಸಿಕೊಳ್ಳಬೇಕು. ಯಂತ್ರ ನಡೆಸುವ ಪ್ರೋಗ್ರಾಮನ್ನೂ ಅದರಲ್ಲೇ ಸೇರಿಸಿರಬೇಕು. ಎರಡು ಡಿಸ್ಕು ಹಾಳಾದವು. ಮೂರನೆಯದು ಕೆಲಸ ಮಾಡಿತು.

"ವರ್ಷಕ್ಕೊಮ್ಮೆ ಹಾಕಿ ನೋಡು. ಇದರಿಂದ ಇನ್ನೊಂದು ಮಾಡಿಡು. ಇಂಥದೇ ಯಂತ್ರ ಇರುವವರು ಕೇಳಿದರೆ ಕೊಡು," ಎಂದ ಮೆಕ್ಯಾನಿಕ್. ಮುಂದಿನ ವರ್ಷ ಅವನು ತೀರಿಕೊಂಡ.

ಅಚ್ಚಿನವನು ಆಯುಧಪೂಜೆಯ ದಿನ ಡಿಸ್ಕನ್ನು ಮಣೆಯ ಮೇಲಿಟ್ಟು, ಹೊಳೆಯುವ ಮುಖಕ್ಕೆ ಗಂಧ ಬಳಿದು ಕುಂಕುಮ ಹಚ್ಚಿದ. ಮರುವರ್ಷ ಒಣಗಿದ್ದನ್ನು ಬಟ್ಟೆಯಿಂದ ಉಜ್ಜಿ ತೆಗೆದು ಹೊಸದಾಗಿ ಹಚ್ಚಿದ. ಪ್ರತಿ ವರ್ಷವೂ ಹಾಗೆಯೇ ಮಾಡಿದ. ಕಂಪ್ಯೂಟರಿಗೆ ಮಾತ್ರ ಒಮ್ಮೆಯೂ ಹಾಕಲಿಲ್ಲ.

ನಾಲ್ಕನೆಯ ವರ್ಷ ಬೇರೆ ಊರಿನಿಂದ ಒಬ್ಬ ಬಂದ. ಅವನದೂ ಅಂಥದೇ ಯಂತ್ರ. ಕಂಪ್ಯೂಟರು ಕೆಟ್ಟಿತ್ತು. ಡಿಸ್ಕಿನ ಒಂದು ನಕಲು ಕೇಳಿದ.

"ಪೂಜೆಗಿಟ್ಟದ್ದು. ಹೊರಗೆ ಕೊಡುವಂತಿಲ್ಲ," ಎಂದ ಅಚ್ಚಿನವನು.

ಎಂಟನೆಯ ವರ್ಷ ಅವನ ಕಂಪ್ಯೂಟರೇ ಕೆಟ್ಟಿತು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ನಲವತ್ತು ಮಕ್ಕಳ ಪುಸ್ತಕ ಅರ್ಧಕ್ಕೆ ನಿಂತಿತು. ಅವನು ಕೈಮುಗಿದು ಡಿಸ್ಕ್ ಹಾಕಿದ. ಅದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ತೆಗೆದು ತೊಳೆದ. ಕುಂಕುಮ ಹೋಯಿತು. ಉಜ್ಜಿದ ಗೀರುಗಳು ಹೋಗಲಿಲ್ಲ.

ಅವನಿಗೆ ಆ ಬೇರೆ ಊರಿನವನ ನೆನಪಾಯಿತು. ಬಸ್ಸು ಹತ್ತಿ ಹೋದ.

"ನಿಮ್ಮ ಹತ್ತಿರ ಆ ಡಿಸ್ಕ್ ಏನಾದರೂ ಇದೆಯೇ?"

"ನೀವು ಕೊಟ್ಟಿದ್ದರೆ ಇರುತ್ತಿತ್ತು, ಸ್ವಾಮಿ. ಯಂತ್ರ ಗುಜರಿಗೆ ಹೋಗಿ ಮೂರು ವರ್ಷವಾಯಿತು. ಕೂತುಕೊಳ್ಳಿ, ಚಹಾ ಕುಡಿದು ಹೋಗಿ."

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಮಕ್ಕಳ ಪರೀಕ್ಷೆ ಏನಾಯಿತು?" ಎಂದು ಮಡಿವಾಳಯ್ಯ ಕೇಳಿದ.

"ಯಾರೋ ಓದಿ ಹೇಳಿದರು. ಮಕ್ಕಳು ಕೇಳಿ ನೆನಪಿದ್ದಷ್ಟು ಬರೆದರು. ಬೆರಳಿಗೆ ಏನೂ ಸಿಗಲಿಲ್ಲ."

"ಅವನು ದಡ್ಡ, ಗುರುಗಳೇ. ಪೂಜೆ ಮಾಡಿ ಹಾಳುಮಾಡಿದ. ನಿಮ್ಮ ಪುಸ್ತಕವನ್ನು ನಾನು ಎಷ್ಟು ಜೋಪಾನವಾಗಿ ಇಟ್ಟಿದ್ದೇನೆ ಎಂದರೆ, ಒಂದು ಹಾಳೆಯ ಮೂಲೆ ಕೂಡ ಮಡಚಿಲ್ಲ."

ಗುರುಗಳು ಎದ್ದು ಬಾಗಿಲ ಕಡೆ ನಡೆದರು. ಹೊಸ್ತಿಲಲ್ಲಿ ನಿಂತು ಕೇಳಿದರು:

"ಕುಂಕುಮ ಎಷ್ಟು ಹಚ್ಚಿದ್ದೀಯ?"