ಪ್ರಮೀಳಾ ಸಿಸ್ಟರ್ ಬೈಕಿನ ಸೀಟು

ಹರಿಹರದ ಹೈವೇ ಬದಿಗೊಂದು ಸೀಟಿನ ಅಂಗಡಿ. ಅಂಗಡಿಗೊಬ್ಬಳು ಹಾಲಮ್ಮ. ಹಾಲಮ್ಮನಿಗೊಬ್ಬ ಮಗ ತಿಪ್ಪೇಶಿ. ಬೈಕಿನ ಸೀಟು ಬಿಚ್ಚಿ, ಸ್ಪಂಜು ಕೊಯ್ದು, ಹೊಸ ಕವರು ಹೊಲಿಯುವುದರಲ್ಲಿ ಹಾಲಮ್ಮನಿಗೆ ಸಾಟಿಯಿಲ್ಲ. ಹೇಳಿದ್ದನ್ನು ಮಕ್ಕಳು ಮಾಡುವುದಿಲ್ಲ ಅಂತ ಊರಿನ ತಾಯಂದಿರೆಲ್ಲ ಅಳುತ್ತಿದ್ದರೆ, ಹೇಳಿದ್ದನ್ನೇ ಮಾಡುತ್ತಾನಲ್ಲಪ್ಪಾ ಅಂತ ಹಾಲಮ್ಮ ಅಳುತ್ತಿದ್ದಳು.

ಒಂದು ಶನಿವಾರ ಬೆಳಿಗ್ಗೆ ಆಸ್ಪತ್ರೆಯ ಪ್ರಮೀಳಾ ಸಿಸ್ಟರ್ ದೊಡ್ಡದೊಂದು ಬೈಕು ತಳ್ಳಿಕೊಂಡು ಬಂದರು. ದೂರದೂರಿಗೆ ಹೋಗುವ ಬೈಕು, ಕುದುರೆಯಷ್ಟು ಎತ್ತರ. ಸಿಸ್ಟರ್ ಗಿಡ್ಡ. ಹತ್ತಿ ಕೂತರೆ ಎರಡು ಕಾಲೂ ಗಾಳಿಯಲ್ಲಿ!

“ನಾಳೆ ಗ್ರೂಪಿನವರ ಜೊತಿಗೆ ಗೋಕರ್ಣಕ್ಕೆ ಹೊಂಟೀನಿ ಹಾಲಮ್ಮಾ. ಕಾಲು ಊರಾಕೆ ಬರದಿದ್ರೆ ಲಗೇಜಿನ ಜೊತಿಗೆ ಜೀಪಿನ್ಯಾಗ ಬರ್ರಿ ಅಂತಾನ ಆ ಷಡಕ್ಷರಿ. ಲೀಡರ್ ಅಂತೆ ಲೀಡರ್! ನೈಟ್ ಡ್ಯೂಟಿ ಮಾಡಿ ಮಾಡಿ ತಗೊಂಡ ಗಾಡಿ ಇದು. ನಾನು ಲಗೇಜಾ?”

“ಬಿಡ್ರಿ ಸಿಸ್ಟರ್ರೇ. ನಾಳೆ ನೀವು ಓಡಿಸ್ಕೊಂಡೇ ಹೋಗ್ತೀರಿ” ಅಂದಳು ಹಾಲಮ್ಮ. ಸಿಸ್ಟರ್ ಡ್ಯೂಟಿಗೆ ಹೋದರು. ಹಾಲಮ್ಮ ದಾರ ತರಲು ಪೇಟೆಗೆ ಹೊರಟಳು.

“ಲೇ ತಿಪ್ಪೇಶಿ, ಈ ಸೀಟು ನೆಲಕ್ಕೆ ಹತ್ರ ಬರಬೇಕು. ಶುರು ಮಾಡಿರು. ತಿಳೀತಾ?”

“ತಿಳೀತವ್ವಾ!”

ವಾಪಸು ಬಂದು ನೋಡಿದರೆ ಸೀಟು ಬಿಚ್ಚಿ ನೆಲದ ಮೇಲಿಟ್ಟಿದ್ದಾನೆ. ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಾನೆ.

“ಇದಕ್ಕಿಂತ ಹತ್ರ ಬರಂಗಿಲ್ಲವ್ವಾ!”

“ಅಯ್ಯೋ ನನ್ನ ಕರ್ಮವೇ! ಸೀಟು ಗಾಡಿ ಮ್ಯಾಲೇ ಇರಬೇಕಲೇ! ಮ್ಯಾಲಿದ್ರೂ ಕೂತೋರ ಕಾಲು ನೆಲಕ್ಕೆ ತಾಗಬೇಕು! ತಿಳೀತಾ?”

“ತಿಳೀತವ್ವಾ!”

ಹಾಲಮ್ಮ ಒಳಗೆ ಹೋಗಿ ಮಿಷನ್ನಿಗೆ ದಾರ ಪೋಣಿಸಿ ಬರುವಷ್ಟರಲ್ಲಿ ಅಂಗಳದಲ್ಲಿ ಧಡ್ ಧಡ್ ಗುದ್ದಲಿ ಸದ್ದು. ಎರಡು ಗುಂಡಿ ತೋಡಿ, ಒಂದೊಂದು ಗುಂಡಿಗೆ ಒಂದೊಂದು ಚಕ್ರ ಇಳಿಸಿ, ಮೇಲೆ ಕೂತಿದ್ದಾನೆ ತಿಪ್ಪೇಶಿ!

“ಸೀಟು ಗಾಡಿ ಮ್ಯಾಲೈತಿ. ಕಾಲು ನೆಲಕ್ಕೆ ತಾಗ್ತಾವ. ನೋಡವ್ವಾ!”

“ಗೋಕರ್ಣದ ತನಕ ಗುಂಡಿ ಇರ್ತಾವೇನಲೇ?”

“ಇರ್ತಾವಂತಲ್ಲವ್ವಾ!”

ಹಾಲಮ್ಮನಿಗೆ ನಗು ಬಂತು. ನಕ್ಕರೆ ಕೆಟ್ಟಿತು ಅಂತ ಇನ್ನೂ ಜೋರಾಗಿ ಬೈದಳು. “ನೆಲದ ಸುದ್ದಿಗೇ ಹೋಗಬ್ಯಾಡ! ಸೀಟಿನ ಒಳಗಿನ ಸ್ಪಂಜು ತೆಗಿ! ಹೊರಗಿನಿಂದ ಮಾತ್ರ ಮೊದಲು ಹೆಂಗಿತ್ತೋ ಹಂಗೇ ಕಾಣಬೇಕು! ತಿಳೀತಾ?”

“ತಿಳೀತವ್ವಾ!”

ತೆಗೆದ. ಇದ್ದಬದ್ದ ಸ್ಪಂಜೆಲ್ಲ ತೆಗೆದ. ತೆಗೆದರೆ ಸೀಟು ಚಪ್ಪಟೆಯಾಯಿತು. ಮೊದಲಿನ ಹಾಗೆ ಕಾಣಬೇಕಲ್ಲ! ಒಣಹಾಕಿದ್ದ ಹಾಲಮ್ಮನ ಎರಡು ಸೀರೆ, ತನ್ನ ಲುಂಗಿ, ಅರ್ಧ ಕೌದಿ, ಎಲ್ಲವನ್ನೂ ಒಳಗೆ ತುರುಕಿ ಗುದ್ದಿ ಗುದ್ದಿ ಮೊದಲಿನಷ್ಟೇ ಉಬ್ಬಿಸಿದ.

“ಕೂದಲೆಳೆ ವ್ಯತ್ಯಾಸ ಇಲ್ಲವ್ವಾ!”

ಹಾಲಮ್ಮ ಅವನನ್ನು ಪಕ್ಕಕ್ಕೆ ಸರಿಸಿದಳು. ಸೀಟಿನೊಳಗಿನ ಸೀರೆ ಹೊರಗೆಳೆದಳು, ಸ್ಪಂಜು ಹುಡುಕಿಕೊಂಡಳು, ತಾನೇ ಕೂತಳು. ಮೇಲಿನ ಪದರ ಕೊಯ್ದಳು, ಕೂತವರು ತೊಡೆ ಅಗಲಿಸಬೇಕಾಗದ ಹಾಗೆ ಮುಂಭಾಗ ಸಣ್ಣ ಮಾಡಿದಳು, ಕವರು ಬಿಗಿದಳು. ಪಕ್ಕದ ಗ್ಯಾರೇಜಿನವರು ಹಿಂದಿನ ಸ್ಪ್ರಿಂಗನ್ನು ಒಂದಿಷ್ಟು ಇಳಿಸಿಕೊಟ್ಟರು.

ಸಂಜೆ ಸಿಸ್ಟರ್ ಹತ್ತಿ ಕೂತರು. ಎರಡೂ ಪಾದ ನೆಲಕ್ಕೆ! ತುದಿಗಾಲಲ್ಲ, ಪೂರ್ತಿ ಪಾದ! ಇಳಿಯಲು ಮನಸ್ಸೇ ಬರದೆ ಸುಮ್ಮನೆ ಕೂತೇ ಇದ್ದರು. ಕೊನೆಗೆ ಇಳಿದಾಗ ತಿಪ್ಪೇಶಿ ಸೈಡ್ ಸ್ಟ್ಯಾಂಡ್ ಹಾಕಿದ. ಗಾಡಿ ವಾಲಬೇಕಾದ ಕಡೆ ವಾಲಲಿಲ್ಲ; ನೆಟ್ಟಗೆ ನಿಂತಿತು, ಯೋಚಿಸಿತು, ಇನ್ನೊಂದು ಕಡೆಗೆ ಉರುಳಿತು. ಪುಣ್ಯಕ್ಕೆ ಸ್ಪಂಜಿನ ರಾಶಿ ಇತ್ತು.

“ಗಾಡಿ ತಗ್ಗಿದ ಮ್ಯಾಲೆ ಸ್ಟ್ಯಾಂಡು ಉದ್ದ ಆಗಂಗಿಲ್ಲೇನಲೇ? ಒಂದನ್ನ ತಗ್ಗಿಸಿದ್ರೆ ಅದರ ಜೊತಿಗೆ ನಿಲ್ಲೋದನ್ನೂ ತಗ್ಗಿಸಬೇಕು! ತಿಳೀತಾ?”

“ತಿಳೀತವ್ವಾ!”

ಗ್ಯಾರೇಜಿನವರು ಸ್ಟ್ಯಾಂಡನ್ನೂ ಗಿಡ್ಡ ಮಾಡಿಕೊಟ್ಟರು. ಎಲ್ಲ ಸರಿಹೋಯಿತು ಅಂದುಕೊಂಡು ಹಾಲಮ್ಮ ಮಲಗಿದಳು.

ಭಾನುವಾರ ಬೆಳಿಗ್ಗೆ ಸಿಸ್ಟರ್ ಜೊತೆ ಗ್ರೂಪಿನವರೂ ಅಂಗಡಿಗೆ ಬಂದರು. ಸಿಸ್ಟರ್ ಗಾಡಿಯ ಜೊತೆಗೆ ಸಾಲಾಗಿ ತಮ್ಮ ಗಾಡಿ ನಿಲ್ಲಿಸಿ ಚಾ ಕುಡಿಯಲು ಹೋದರು. ತಿಪ್ಪೇಶಿ ಸಾಲನ್ನು ನೋಡಿದ. ಒಂದು ತಗ್ಗಿದೆ. ಅದರ ಜೊತೆಗೆ ನಿಂತವು ತಗ್ಗಿಲ್ಲ! ಉಳಿದ ಗಾಡಿಗಳ ಒಂದೊಂದೇ ಚಕ್ರದ ಗಾಳಿ ಬಿಟ್ಟ. ಬುಸ್! ಬುಸ್! ಬುಸ್!

ಷಡಕ್ಷರಿ ಬಂದು ಗಾಡಿ ಏರಿದರೆ ಟೈರು ನೆಲಕ್ಕೆ ಅಂಟಿದೆ. “ಯಾವನಲೇ ಇದು ಮಾಡಿದ್ದು?”

“ನಾನ್ರೀ! ಈಗ ಎಲ್ಲಾ ಸಮ!”

ಹಾಲಮ್ಮ ಸಿಸ್ಟರ್ ಕಿವಿಯಲ್ಲಿ ಹೇಳಿದಳು, “ನೀವು ಹೊಂಡ್ರಿ. ಇಲ್ಲಿ ನಿಂತ್ರೆ ಇವತ್ತು ಯಾರೂ ಹೋಗಂಗಿಲ್ಲ.”

ಸಿಸ್ಟರ್ ಎರಡೂ ಕಾಲು ಊರಿದರು, ಕನ್ನಡಿ ಸರಿಮಾಡಿಕೊಂಡರು. “ರಾಣೆಬೆನ್ನೂರಲ್ಲಿ ಕಾಯ್ತೀನಿ ಲೀಡರ್ ಸಾಹೇಬ್ರೇ!” ಅಂದು ಹೊರಟೇ ಬಿಟ್ಟರು.

“ಅವರ ಗಾಡಿ ಮತ್ತೆ ಎತ್ತರ ಮಾಡಿಕೊಡಲೇ, ದಡ್ಡ ಶಿಖಾಮಣಿ!” ಅಂತ ಮಗನಿಗೆ ಗದರಿ ಹಾಲಮ್ಮ ರಸ್ತೆಯಂಚಿಗೆ ಓಡಿದಳು. ತುಂಗಭದ್ರೆಯ ಸೇತುವೆ ದಾಟಿ ಸಿಸ್ಟರ್ ಹೆಲ್ಮೆಟ್ಟು ಚುಕ್ಕಿಯಾಗುವವರೆಗೂ ನಿಂತು ನೋಡಿದಳು. ಎದೆ ತುಂಬಿ ಬಂತು. ತಿರುಗಿದಳು.

ಲಾರಿಗೆ ಮೂಟೆ ಏರಿಸುತ್ತಿದ್ದ ಹಮಾಲರನ್ನೆಲ್ಲ ತಿಪ್ಪೇಶಿ ಕರೆತಂದಿದ್ದ. ಗಾಳಿ ಹಾಕಲು ಎತ್ತುತ್ತಾರೆ ಅಂತ ನಂಬಿ ಷಡಕ್ಷರಿ ಇಳಿದಿರಲಿಲ್ಲ. ಈಗ ಅವನ ಗಾಡಿ, ಅವನ ಸಮೇತ, ಸೀಟು ಹೊಲಿಯುವ ಹಲಗೆ ಮಂಚದ ಮೇಲೆ! ಎರಡು ಕಾಲೂ ಗಾಳಿಯಲ್ಲಿ ಜೋತಾಡುತ್ತಿವೆ.

“ಹಾಲಮ್ಮಾ! ಕಾಲು ಎಟುಕ್ತಿಲ್ಲ! ಇಳಿಸಾಕೆ ಹೇಳು!”

ತಿಪ್ಪೇಶಿ ಸ್ಪಂಜು ಕೊಯ್ಯುವ ಚಾಕು ತಗೊಂಡ.

“ಎಷ್ಟು ಇಂಚು ಇಳಿಸ್ಲವ್ವಾ?”