ಲಾರಿ ಮೂತಿಗೆ ಕಟ್ಟಿದ ಹಗ್ಗ

ಇಳಕಲ್ಲಿನ ಕ್ವಾರಿ ಸಾವಕಾರ ವೀರಭದ್ರಪ್ಪ ಗ್ಯಾರೇಜಿಗೆ ಬಂದು ಮಿಸ್ತ್ರಿ ಹುಸೇನಸಾಬನ ಮೇಲೆ ಗುಡುಗಿದ.

"ಕೆಸರಾಗ ಎರಡೂ ಗಾಲಿ ಕೂಡಿ ತಿರುಗುವಂಗ ಲಾರಿಗೆ ಡಿಫರೆನ್ಶಿಯಲ್ ಲಾಕ್ ಹಾಕು. ಗಾಲಿ ತಿರುಗ್ಸೋ ಆಕ್ಸಲ್ ಶಾಫ್ಟ್ ಹಳೇವ ಇರ್ಲಿ, ನಮ್ಮಪ್ಪ ಹಾಕ್ಸಿದ್ವು."

"ಲಾಕ್ ಬಿದ್ದಾಗ ಒಂದು ಗಾಲಿ ಜಾರಿದ್ರ ಇಂಜಿನ್ನಿನ ಪೂರಾ ಜೋರು ಒಂದ ಶಾಫ್ಟಿಗೆ ಬೀಳ್ತದ್ರಿ ಸಾವಕಾರ್ರ. ಹಳೇದು ಮುರೀತದ."

"ಹೇಳಿದಷ್ಟು ಮಾಡು."

ಹುಸೇನಸಾಬ ಹೇಳಿದಷ್ಟೇ ಮಾಡಿದ. ಪೂಜೆಯ ದಿನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಲಾರಿಯ ಮೂತಿಗೆ ದಪ್ಪ ಹಗ್ಗ ಕಟ್ಟಿದ.

ಸಾವಕಾರನಿಗೆ ತಲೆಬುಡ ತಿಳಿಯಲಿಲ್ಲ. "ಹಗ್ಗ ಯಾಕೋ?"

"ಶಾಫ್ಟ್ ಮುರದ ಮ್ಯಾಲ ಎಳಕೊಂಡು ಬರಾಕ್ರಿ. ಹೊರಗ ಇನ್ನೊಂದು ಲಾರಿ ನಿಂತದ."

ಇಣುಕಿದರೆ ಅದು ಎದುರು ಕ್ವಾರಿಯ ಗುರುಸಿದ್ದಪ್ಪನ ಲಾರಿ. ಹಗೆಯವನ ಹಿಂದೆ ಊರೆಲ್ಲ ನೋಡುವಂತೆ ಎಳೆಸಿಕೊಂಡು ಬರುವುದೇ? ಸಾವಕಾರ ಗಕ್ಕನೆ ಮಿಸ್ತ್ರಿಯ ಕಡೆ ತಿರುಗಿದ.

"ಶಾಫ್ಟ್ ಬದಲಿ ಮಾಡು. ಹೊಸಾವು ಯಾವಾಗ ಬರ್ತಾವ?"

"ಬಂದಾವ್ರಿ. ನಾ ಮೊದ್ಲ ಬಾಡಿಗಿ ಕೊಟ್ಟು ತರ್ಸೀನಿ; ಆ ಲಾರಿ ಬಂದಿದ್ದ ಅವನ್ನ ಇಳಸಾಕ."

ಸಾವಕಾರ ಹಗ್ಗ ನೋಡಿದ, ಲಾರಿ ನೋಡಿದ. ತಾನು ಹೊಸ ಶಾಫ್ಟಿಗೆ ಒಪ್ಪಿದ್ದು ಯಾವಾಗ ಎಂಬುದು ಅವನಿಗೆ ಇವತ್ತಿಗೂ ತಿಳಿದಿಲ್ಲ.